ರೈಲು ಹಳಿಯುದ್ದಕ್ಕೂ ನಮ್ಮ ಹೆಸರು

ಫೆಬ್ರವರಿ ೩

ಮಾನ್ಯರೇ,

ನಾನು ನಿಮಗೆ ಏನನ್ನೂ ಮಾರುವುದಕ್ಕೆ ಬರೆಯುತ್ತಿಲ್ಲ, ಚಂದಾ ಕೇಳುವುದಕ್ಕೂ ಅಲ್ಲ. ಇಷ್ಟನ್ನು ಮೊದಲೇ ಹೇಳಿಬಿಟ್ಟರೆ ಕಾಗದ ಹರಿದು ಎಸೆಯದೆ ಮುಂದೆ ಓದುತ್ತೀರಿ ಎಂಬ ಆಸೆ.

ಲಕೋಟೆಯ ಹಿಂಬದಿ ನೋಡಿದಾಗ ನಿಮಗೆ ನೀವೇ ಕಾಗದ ಬರೆದುಕೊಂಡ ಹಾಗೆ ಅನಿಸಿರಬಹುದು. ನಿಮ್ಮ ಮನೆತನದ ಹೆಸರೂ ನಮ್ಮ ಮನೆತನದ ಹೆಸರೂ ಒಂದೇ. ಬರೆಯುತ್ತಿರುವುದು ಅದಕ್ಕೇ.

ನಾನು ಅಂಚೆ ಇಲಾಖೆಯಲ್ಲಿ ಗುಮಾಸ್ತೆ. ವಿಳಾಸ ತಪ್ಪಿದ, ಯಾರಿಗೂ ಸೇರದ ಕಾಗದಗಳೆಲ್ಲ ಸುತ್ತಿ ಸುತ್ತಿ ಕೊನೆಗೆ ಬಂದು ಬೀಳುವ ವಿಭಾಗ ನನ್ನದು. ಕಟ್ಟಡದ ತೀರಾ ಕೆಳಗೆ, ಕಿಟಕಿಯಿಲ್ಲದ ಕೋಣೆ. ಮೇಲಿನ ಮಹಡಿಯವರು ನಮ್ಮನ್ನು ಪಾತಾಳದವರು ಅನ್ನುತ್ತಾರೆ. ವಿಳಾಸ ಹುಡುಕುವುದಕ್ಕೆಂದು ಎಲ್ಲ ಊರುಗಳ ಟೆಲಿಫೋನ್ ಡೈರೆಕ್ಟರಿಗಳನ್ನೂ ಇಲ್ಲಿ ಸೂರಿನ ತನಕ ಪೇರಿಸಿದ್ದಾರೆ. ಹೊಸವು ಬರುವುದು ಎಂದೋ ನಿಂತಿದೆ, ಹಳೆಯವೇ ಗತಿ.

ನನ್ನ ತಂದೆ ಹೋದ ನವೆಂಬರಿನಲ್ಲಿ ತೀರಿಕೊಂಡರು. ಆಮೇಲೆ ಊಟದ ಬಿಡುವಿನಲ್ಲಿ ಕ್ಯಾಂಟೀನಿಗೆ ಮೆಟ್ಟಿಲು ಹತ್ತುವ ಮನಸ್ಸಾಗದೆ ಒಂದೊಂದೇ ಡೈರೆಕ್ಟರಿ ತೆಗೆದು ನಮ್ಮ ಹೆಸರು ಹುಡುಕತೊಡಗಿದೆ. ನಮ್ಮ ಮೇಲಧಿಕಾರಿಯ ಮನೆತನದ ಹೆಸರು ಯಾವ ಊರಿನ ಪುಸ್ತಕ ತೆಗೆದರೂ ಎರಡು ಪುಟ ಇರುತ್ತದೆ, ಚೆಲ್ಲಿದ ಸಾಸಿವೆಯ ಹಾಗೆ. ನಮ್ಮದು ಹಾಗಲ್ಲ. ಈ ಮಹಾನಗರದಲ್ಲಿ ಅಪ್ಪ ಒಬ್ಬರೇ. ಸಿಕ್ಕ ಕಡೆಯಲ್ಲೆಲ್ಲ ಗೋಡೆಯ ಮ್ಯಾಪಿನ ಮೇಲೆ ಕೆಂಪು ಪೆನ್ಸಿಲಿನಲ್ಲಿ ಚುಕ್ಕಿ ಇಡುತ್ತಾ ಬಂದೆ. ರೈಲು ಹಳಿಯುದ್ದಕ್ಕೂ ಇಲ್ಲೊಂದು, ಅಲ್ಲೆರಡು. ಹಳಿ ಮುಗಿಯುವಲ್ಲಿ, ನಿಮ್ಮ ಊರಿನಲ್ಲಿ, ಒಟ್ಟಿಗೇ ಹನ್ನೊಂದು. ಹೆಸರು ಎಲ್ಲಿ ದಟ್ಟವಾಗಿದೆಯೋ ಅಲ್ಲೇ ಅದರ ಬೇರು ಎಂದು ಈ ವಿಷಯ ಬಲ್ಲವರು ಹೇಳುತ್ತಾರೆ.

ಅಪ್ಪ ತಮ್ಮ ಕಡೆಯವರ ಬಗ್ಗೆ ಬಾಯಿ ಬಿಟ್ಟವರಲ್ಲ. ಕೇಳಿದರೆ "ಇದ್ರು. ಈಗಿಲ್ಲ" ಅಂದು ಪೇಪರು ಎತ್ತಿಕೊಳ್ಳುತ್ತಿದ್ದರು. ಅವರು ನಿಮ್ಮ ಊರಿನವರೇ? ನಾವು ನಿಮ್ಮವರೇ? ಹನ್ನೊಂದು ವಿಳಾಸಕ್ಕೂ ಇದನ್ನೇ ಬರೆದಿದ್ದೇನೆ. ಯಾರಾದರೂ ಒಬ್ಬರು ಉತ್ತರಿಸಿದರೆ ಸಾಕು. ನಮ್ಮ ಮನೆಯವರೆಲ್ಲ ಕಾಯುತ್ತಿದ್ದಾರೆ.

ಇತಿ,
ಲಕೋಟೆಯ ಹಿಂಬದಿಯ ಹೆಸರಿನವಳು


ಫೆಬ್ರವರಿ ೧೯

ಅಮ್ಮಾ,

ನಿಮ್ಮ ಕಾಗದ ಬಂತು. ನಮ್ಮ ಅಂಚೆಯವನು ನನಗೆ ಕರೆಂಟ್ ಬಿಲ್ಲು ಬಿಟ್ಟು ಬೇರೇನೂ ಕೊಟ್ಟವನಲ್ಲ. ಬಾಗಿಲಲ್ಲೇ ನಿಂತು ಹೆಸರನ್ನು ಎರಡೆರಡು ಸಲ ಓದಿ, "ಏನಯ್ಯಾ, ನಿನಗೂ ಕಾಗದ ಬರತ್ತಾ?" ಅಂದ. "ಯಾಕೆ ಬರಬಾರದು, ನಾನೇನು ಕಲ್ಲೊಡೆದು ಹುಟ್ಟಿದವನಾ" ಅಂದೆ.

ನಾನು ಹೊಲಿಗೆ ಯಂತ್ರ ರಿಪೇರಿ ಮಾಡುವವನು. ಎಪ್ಪತ್ತೆರಡು ವಯಸ್ಸು. ನಿಮ್ಮ ತಂದೆ ಇದ್ದಿದ್ದರೆ ಎಷ್ಟಾಗಿರುತ್ತಿತ್ತು ಎಂದು ನೀವು ಬರೆದಿಲ್ಲ. ನನ್ನ ಅಂಗಡಿ ಅಂದರೆ ಒಂದು ಬಾಗಿಲು, ಒಂದು ಬೆಂಚು, ಗೋಡೆ ತುಂಬ ಬೆಲ್ಟುಗಳು. ದಾರ ತುಂಡಾಗುತ್ತೆ, ಹೊಲಿಗೆ ತಪ್ಪುತ್ತೆ ಎಂದು ಯಂತ್ರ ಹೊತ್ತು ತರುತ್ತಾರೆ. ನೂರಕ್ಕೆ ತೊಂಬತ್ತು ಯಂತ್ರಕ್ಕೆ ಏನೂ ಆಗಿರುವುದಿಲ್ಲ, ಸೂಜಿಯನ್ನು ಹಿಂದುಮುಂದಾಗಿ ಹಾಕಿರುತ್ತಾರೆ. ಹಾಗಂತ ಹೇಳಿದರೆ ಅಂಗಡಿ ನಡೆಯಬೇಕಲ್ಲ, ಒಂದು ಗಂಟೆ ಬಿಚ್ಚಿ ಎಣ್ಣೆ ಬಿಟ್ಟು ಕೊಡುತ್ತೇನೆ.

ನಿಮ್ಮ ಕಾಗದ ಇಲ್ಲಿ ಎಲ್ಲರಿಗೂ ಬಂದಿದೆ. ಹನ್ನೊಂದು ಜನವೂ ಬೇಕರಿಯವನ ಹಿಂದಿನ ಕೋಣೆಯಲ್ಲಿ ಸೇರಿ ಓದಿದೆವು. ಬರೆಯುವುದಕ್ಕೆ ಎಲ್ಲರಿಗೂ ಸೋಮಾರಿತನ. "ನಿನಗೇ ಕೆಲಸ ಕಮ್ಮಿ, ನೀನೇ ಬರಿ" ಎಂದು ನನ್ನ ತಲೆಗೆ ಕಟ್ಟಿದರು.

ನಿಮ್ಮ ಮ್ಯಾಪು ಸುಳ್ಳು ಹೇಳಿಲ್ಲ. ನಮ್ಮ ಹೆಸರು ಈ ಊರು ಬಿಟ್ಟು ಬೇರೆಲ್ಲೂ ಹುಟ್ಟುವುದಕ್ಕೆ ಸಾಧ್ಯವೇ ಇಲ್ಲ. ಆದರೂ ಖಾತ್ರಿಗೆ ಒಂದು ಮಾತು ಕೇಳುತ್ತೇನೆ, ನಗಬೇಡಿ. ನಿಮ್ಮ ತಂದೆ ರಾತ್ರಿ ಮಲಗುವಾಗ ಶೂ ಎಲ್ಲಿ ಇಡುತ್ತಿದ್ದರು?

ಇತಿ,
ಹೊಲಿಗೆ ಯಂತ್ರದವ


ಮಾರ್ಚ್ ೪

ಮಾನ್ಯರೇ,

ನಿಮ್ಮ ಕೊನೆಯ ಸಾಲಿಗೆ ನಾನು ನಗಲಿಲ್ಲ.

ಅಪ್ಪ ಎರಡೂ ಶೂಗಳ ಲೇಸುಗಳನ್ನು ಸೇರಿಸಿ ಗಂಟು ಹಾಕಿ ಮಂಚದ ಕಾಲುಗಡೆಯ ಸರಳಿಗೆ ನೇತುಹಾಕುತ್ತಿದ್ದರು. ಪ್ರತಿ ರಾತ್ರಿ. ಆಸ್ಪತ್ರೆಯಲ್ಲೂ ಹಾಗೆಯೇ ನೇತುಹಾಕಿದ್ದರು. ನರ್ಸ್ ತೆಗೆದು ಕೆಳಗಿಟ್ಟರೆ ನಿದ್ದೆ ಮಾಡುತ್ತಿರಲಿಲ್ಲ. ಅಮ್ಮ ಬದುಕಿದ್ದಷ್ಟು ದಿನ ಇದಕ್ಕೇ ಜಗಳ. "ಶೂ ಕದಿಯೋಕೆ ಇಲ್ಲಿ ಯಾರಿದಾರೆ, ನಾನಾ?" ಅನ್ನುತ್ತಿದ್ದಳು. ಅಪ್ಪ ಮತ್ತೆ ಎತ್ತಿ ನೇತುಹಾಕುತ್ತಿದ್ದರು. ಇದ್ದಿದ್ದರೆ ಈಗ ಅವರಿಗೆ ಎಪ್ಪತ್ತಾರು.

ಇನ್ನೊಂದಿದೆ. ಚಹಾ ಕುಡಿದ ಮೇಲೆ ಲೋಟವನ್ನು ಬೋರಲು ಹಾಕಿ ಅದರ ಮೇಲೆ ಚಮಚ ಇಡುತ್ತಿದ್ದರು. ನನಗೂ ಅದೇ ಅಭ್ಯಾಸ. ಪಾತಾಳದಲ್ಲಿ ನನ್ನ ಪಕ್ಕ ಕೂರುವವಳು "ನಿಮ್ಮ ಮನೇಲಿ ಲೋಟಗಳು ತಲೆಕೆಳಗಾಗಿ ಹುಟ್ಟುತ್ತವಾ?" ಎಂದು ದಿನಾ ಕಾಡುತ್ತಾಳೆ. ಈಗ ಅವಳಿಗೆ ಹೇಳಬಹುದು. ಇದು ನಮ್ಮ ರಕ್ತದಲ್ಲೇ ಇದೆ ಅಂತ.

ಎಷ್ಟೋ ವರ್ಷ ನನಗೆ ಅಪ್ಪ ಅಂದರೆ ಯಾವುದೋ ಸ್ಟೇಷನ್ನಿನಲ್ಲಿ ಇಳಿದು ನಮ್ಮ ಮನೆಗೆ ಬಾಡಿಗೆಗೆ ಬಂದವರ ಹಾಗೆ ಅನಿಸುತ್ತಿತ್ತು. ಅವರಿಗೂ ಒಂದು ವಂಶ ಇತ್ತು, ಅಲ್ಲೂ ಹನ್ನೊಂದು ಮಂಚಗಳ ಕಾಲಿಗೆ ಶೂಗಳು ತೂಗುತ್ತಿವೆ ಎಂದುಕೊಂಡರೆ ಹೊಟ್ಟೆ ತಣ್ಣಗಾಗುತ್ತದೆ. ರೈಲು ಬಂದ ಹೊಸದರಲ್ಲಿ ನಮ್ಮ ಹಿರೀಕರು ಕೆಲಸ ಹುಡುಕಿಕೊಂಡು ಹಳಿಯುದ್ದಕ್ಕೂ ಚದುರಿರಬೇಕು ಎಂದು ನನ್ನ ಊಹೆ. ಮ್ಯಾಪನ್ನು ಮನೆಗೆ ತಂದು ಗೋಡೆಗೆ ಅಂಟಿಸಿದ್ದೇನೆ. ತಂಗಿಯ ಮಕ್ಕಳು ಅದರ ಮುಂದೆ ಕೂತು ಚುಕ್ಕಿ ಎಣಿಸುತ್ತಾರೆ, ಗಲಾಟೆಯೋ ಗಲಾಟೆ.

ನೀವು ಅಪ್ಪನಿಗಿಂತ ಚಿಕ್ಕವರು. ಚಿಕ್ಕಪ್ಪ ಅನ್ನಬಹುದೇ? ಬೇಡವೆಂದರೆ ಹೇಳಿ, ಬೇಜಾರಿಲ್ಲ. ಹೇಳದಿದ್ದರೆ ಒಳ್ಳೆಯದು.

ಇತಿ,
ನಿಮ್ಮ ಮಗಳ ಸಮಾನಳಾದ ಅಂಚೆಯವಳು


ಮಾರ್ಚ್ ೨೩

ಮಗಳೇ,

ನೋಡು, ನಾನೇ ಮೊದಲು ಬರೆದುಬಿಟ್ಟೆ. ಚಿಕ್ಕಪ್ಪ ಅಂತಲೇ ಕರಿ. ನೀವು ಗೀವು ಇನ್ನು ನನ್ನ ಕಡೆಯಿಂದ ಇಲ್ಲ. ಮದುವೆ ಮಕ್ಕಳು ಎಂದು ನಾನು ಹೋಗಲಿಲ್ಲ, ಹಾಗಾಗಿ ಈ ಪದವಿ ಹೊಸದು. ಸ್ವಲ್ಪ ಬಿಗಿ, ಹಾಕಿಕೊಂಡು ಓಡಾಡಿದರೆ ಸಡಿಲವಾಗುತ್ತೆ.

ಶೂ ಕಟ್ಟಿ ನೇತುಹಾಕುತ್ತಿದ್ದರು ಅಂದಮೇಲೆ ಇನ್ನು ಅನುಮಾನವಿಲ್ಲ. ನಿಮ್ಮಪ್ಪ ನಮ್ಮವನೇ. ಇಲ್ಲಿ ಎಲ್ಲರೂ ಹಾಗೇ ಮಾಡುತ್ತಾರೆ. ಲೋಟ ಬೋರಲು ಹಾಕುವುದನ್ನಂತೂ ಹೇಳುವುದೇ ಬೇಡ.

ನಾವೆಲ್ಲ ಒಂದೇ ಸೂರಿನ ಕೆಳಗೆ ಬೆಳೆದವರು. ನದಿ ದಂಡೆಯ ಮೇಲೆ ದೊಡ್ಡ ಕಟ್ಟಡ, ಉದ್ದನೆಯ ಹಜಾರ, ಊಟಕ್ಕೆ ಗಂಟೆ ಬಾರಿಸುತ್ತಿದ್ದರು. ಈಗ ಬೇರೆ ಬೇರೆ ಮನೆ ಅಷ್ಟೆ. ಬೇಕರಿಯವನು ಇದ್ದಾನಲ್ಲ, ಅವನಿಗೆ ಸಿಹಿ ಅಂದರೆ ಆಗದು. ಜೀವಮಾನವಿಡೀ ಕೇಕು ಮಾಡಿದ, ಒಂದು ಚೂರು ಬಾಯಿಗೆ ಹಾಕಿಲ್ಲ. ಬಸ್ ಕಂಡಕ್ಟರ್ ನಿದ್ದೆಯಲ್ಲೂ "ಮುಂದೆ ಹೋಗಿ, ಮುಂದೆ ಹೋಗಿ" ಅನ್ನುತ್ತಾನೆ. ಲಾಂಡ್ರಿ ಇಟ್ಟಿರುವವಳಿಗೆ ನಾವಿಟ್ಟ ಹೆಸರು ಜಗಳಗಂಟಿ. ಚಿಕ್ಕಂದಿನಲ್ಲಿ ನನ್ನ ಪಾಲಿನ ಬ್ರೆಡ್ಡನ್ನು ಯಾರೋ ಕಿತ್ತುಕೊಂಡರು ಎಂದು ಅವನ ಕಿವಿ ಕಚ್ಚಿ ಬಿಡಿಸಿಕೊಂಡು ಬಂದವಳು. ಈಗಲೂ ನನ್ನ ಅಂಗಿ ಇಸ್ತ್ರಿಗೆ ದುಡ್ಡು ತಗೊಳ್ಳುವುದಿಲ್ಲ, ಬದಲಿಗೆ ಬೈಗುಳ ಕೊಡುತ್ತಾಳೆ. ಎಲ್ಲರೂ ನಿನ್ನನ್ನು ಕೇಳಿದರು.

ಬೇಗ ಬರಿ. ಅಂಚೆಯವನು ಈಗ ನನ್ನ ಬಾಗಿಲು ಬಂದಾಗ ಸೈಕಲ್ ನಿಧಾನ ಮಾಡುತ್ತಾನೆ. ಅವನಿಗೆ ನಿರಾಸೆ ಮಾಡಬಾರದು.

ಇತಿ,
ನಿನ್ನ ಚಿಕ್ಕಪ್ಪ


ಏಪ್ರಿಲ್ ೧೧

ಚಿಕ್ಕಪ್ಪನವರಿಗೆ,

ಜೂನ್ ತಿಂಗಳಲ್ಲಿ ನನಗೆ ರಜೆ ಮಂಜೂರಾಗಿದೆ. ನಿಮ್ಮ ಊರಿಗೆ ಬರುತ್ತೇನೆ. ನದಿ ದಂಡೆಯ ಆ ಮನೆಯನ್ನು ಹೊರಗಿನಿಂದಲಾದರೂ ನೋಡಬೇಕು.

ಬರುವ ಮೊದಲು ಒಂದು ಮಾತು ಕೇಳಬೇಕಾಗಿದೆ. ಇದನ್ನು ಕೇಳುವುದಕ್ಕಾಗಿಯೇ ನಾನು ನಿಮ್ಮನ್ನೆಲ್ಲ ಹುಡುಕಿದೆನೋ ಏನೋ.

ಅಪ್ಪ ಒಂದು ದಿನವೂ ನನ್ನ ಸ್ಕೂಲಿನ ಗೇಟಿಗೆ ಬರಲಿಲ್ಲ. ಮಿಕ್ಕ ಮಕ್ಕಳ ಅಪ್ಪಂದಿರು ಬರುತ್ತಿದ್ದರು. ನಮ್ಮಪ್ಪನಿಗೆ ಬಿಡುವಿತ್ತು, ಮನೆ ಎರಡು ಬೀದಿಯಾಚೆ. ಆದರೂ ಬರಲಿಲ್ಲ. ಬಸ್ ಸ್ಟ್ಯಾಂಡಿಗೂ ಇಲ್ಲ, ಸ್ಟೇಷನ್ನಿಗೂ ಇಲ್ಲ. ನನಗೆ ಆಪರೇಷನ್ ಆಗಿ ಆಸ್ಪತ್ರೆಯಿಂದ ಬಿಟ್ಟ ದಿನ ನಾನೇ ಟ್ಯಾಕ್ಸಿ ಹಿಡಿದು ಬಂದೆ. ಬಾಗಿಲು ತೆಗೆದರೆ ಚಹಾ ಸಿದ್ಧವಾಗಿತ್ತು, ಹಾಸಿಗೆ ಹಾಸಿತ್ತು, ಅಪ್ಪ ಗೋಡೆಯ ಕಡೆ ಮುಖ ಮಾಡಿ ನಿಂತಿದ್ದರು. "ಬಂದ್ಯಾ" ಅಂದರು, ಅಷ್ಟೆ. ನನಗೆ ಎಷ್ಟು ಸಿಟ್ಟು ಬಂತೆಂದರೆ ಚಹಾ ಹಾಗೇ ಬಿಟ್ಟು ಮಲಗಿದೆ. ಆ ಸಿಟ್ಟು ಇನ್ನೂ ಇಳಿದಿಲ್ಲ. ಸತ್ತವರ ಮೇಲೆ ಸಿಟ್ಟಿಟ್ಟುಕೊಂಡು ಬದುಕುವುದು ಕಷ್ಟ ಚಿಕ್ಕಪ್ಪ, ಬೈಯಲು ಎದುರಿಗೆ ಯಾರೂ ಇರುವುದಿಲ್ಲ.

ನಿಮ್ಮಲ್ಲೂ ಯಾರೂ ಯಾರನ್ನೂ ಎದುರುಗೊಳ್ಳಲು ಹೋಗುವುದಿಲ್ಲವೇ? ಇದೂ ಶೂ, ಲೋಟಗಳ ಹಾಗೆ ವಂಶದ ಗುಣವೇ? ಹೌದು ಅನ್ನಿ. ಹೌದೆಂದರೆ, ಅಪ್ಪನಿಗೆ ನಾನು ಬೇಡವಾಗಿದ್ದೆ ಎಂಬ ಯೋಚನೆಯನ್ನು ನಾನು ಬಿಟ್ಟುಬಿಡಬಹುದು.

ಇತಿ,
ನಿಮ್ಮ ಮಗಳು


ಮೇ ೨

ಮಗಳೇ,

ಜೂನ್ ಬೇಡ. ಬೇಕರಿಯವನ ಗೋಡೆ ಬಿರುಕು ಬಿಟ್ಟು ರಿಪೇರಿ ನಡೆಯುತ್ತಿದೆ, ಅವನ ಮನೆಯವರೆಲ್ಲ ನನ್ನಲ್ಲೇ ಇದ್ದಾರೆ. ಕಂಡಕ್ಟರಿಗೆ ಮಂಡಿ ನೋವು. ಜಗಳಗಂಟಿಗೆ ಜ್ವರ ಬಂದು ಒಂದು ವಾರದಿಂದ ಯಾರನ್ನೂ ಬೈದಿಲ್ಲ, ನಮಗೆಲ್ಲ ಗಾಬರಿ. ಆ ಕಟ್ಟಡದಲ್ಲೂ ನೋಡುವಂಥದ್ದೇನಿಲ್ಲ. ಮುಂದೆ ಯಾವಾಗಲಾದರೂ ನೋಡೋಣ.

ಗೇಟಿನ ವಿಷಯ ನನಗೆ ಗೊತ್ತಿಲ್ಲ. ನಿನ್ನ ತಂಗಿಯ ಮಕ್ಕಳಿಗೆ ಆಶೀರ್ವಾದ.

ಚಿಕ್ಕಪ್ಪ


ಮೇ ೧೩

ಚಿಕ್ಕಪ್ಪನವರಿಗೆ,

ಜಗಳಗಂಟಿಯವರಿಗೆ ಜ್ವರ ಬಂದಿಲ್ಲ. ಅವರು ತೀರಿಕೊಂಡು ನಾಲ್ಕು ವರ್ಷವಾಗಿದೆ. ಲಾಂಡ್ರಿಯ ವಿಳಾಸಕ್ಕೆ ನಾನು ಬರೆದ ಕಾಗದದ ಮೇಲೆ ನಿಮ್ಮ ಊರಿನ ಅಂಚೆಯವನು ನೀಲಿ ಪೆನ್ನಿನಲ್ಲಿ ಹಾಗೆ ಬರೆದು ವಾಪಸು ಕಳಿಸಿದ್ದಾನೆ.

ನೀವು ನನ್ನ ಕೆಲಸ ಏನೆಂದು ಮರೆತಿರಿ. ಹತ್ತು ಕಾಗದಗಳೂ ನನ್ನ ಮೇಜಿಗೇ ಬಂದು ಬಿದ್ದವು. ನಿಮ್ಮ ಮೊದಲ ಉತ್ತರ ಬರುವ ಹೊತ್ತಿಗೆ ಏಳು ಬಂದಾಗಿತ್ತು, ಮಾರ್ಚ್ ಮುಗಿಯುವುದರೊಳಗೆ ಮಿಕ್ಕ ಮೂರೂ ಬಂದವು. ಬೇಕರಿಯವರದರ ಮೇಲೆ "ಅಂಗಡಿ ಇಲ್ಲ" ಎಂದಿದೆ. ಇನ್ನೊಂದರ ಮೇಲೆ "ಕಂಡಕ್ಟರ್, ಮೃತ". ಇಬ್ಬರದು "ಎಲ್ಲಿ ಹೋದರೋ ತಿಳಿಯದು". ದಿನಾ ಇಂಥ ಬರಹಗಳನ್ನು ನೂರಾರು ನೋಡುವವಳು ನಾನು. ನನ್ನದೇ ಹೆಸರಿನ ಮೇಲೆ ನೋಡಿದ್ದು ಅದೇ ಮೊದಲು.

ಗೊತ್ತಿದ್ದೂ ಸುಮ್ಮನಿದ್ದೆ. ನೀವು ಅವರೆಲ್ಲರೂ ನನ್ನನ್ನು ಕೇಳಿದರು ಎಂದು ಬರೆದಾಗ, ಕೇಳಿದರು ಎಂದೇ ಇಟ್ಟುಕೊಂಡೆ. ನನ್ನನ್ನು ಯಾರಾದರೂ ಕೇಳಿ ಎಷ್ಟು ಕಾಲವಾಗಿತ್ತು ಎಂದು ನಿಮಗೆ ಹೇಗೆ ಹೇಳಲಿ.

ನನ್ನದೂ ಒಂದಿದೆ. ನನಗೆ ತಂಗಿಯಿಲ್ಲ. ನೀವು ಆಶೀರ್ವಾದ ಕಳಿಸಿದ ಮಕ್ಕಳು ಕೆಳಗಿನ ಮನೆಯವರು. ಅವರ ಗಲಾಟೆ ನೆಲದ ಮೂಲಕ ಕೇಳಿಸುತ್ತದೆ, ಅಷ್ಟೇ ಸಂಬಂಧ. ನಮ್ಮ ಮನೆಯವರೆಲ್ಲ ಕಾಯುತ್ತಿದ್ದಾರೆ ಎಂದು ಬರೆದಿದ್ದೆನಲ್ಲ, ಮನೆಯವರೆಲ್ಲ ಅಂದರೆ ನಾನೇ. ಭಾನುವಾರ ಬೆಳಗ್ಗೆಯಿಂದ ರಾತ್ರಿಯವರೆಗೆ ಬಾಯಿಬಿಟ್ಟು ಒಂದು ಮಾತಾಡುವ ಪ್ರಸಂಗ ಬರುವುದಿಲ್ಲ. ಸೋಮವಾರ ಆಫೀಸಿನಲ್ಲಿ ಮೊದಲ ಮಾತು ಆಡುವಾಗ ಗಂಟಲು ಕಟ್ಟಿರುತ್ತದೆ.

ಹಾಗಾಗಿ ನೀವೊಬ್ಬರೇ ಇದ್ದರೂ ನನಗೆ ಸಾಕು. ಹತ್ತು ಜನ ಇಲ್ಲದಿದ್ದರೆ ಇಲ್ಲ. ಒಂದೇ ರಕ್ತದ ಒಬ್ಬರು ಉಳಿದಿದ್ದೀರಿ, ರಜೆಯನ್ನು ಜುಲೈಗೆ ಮುಂದೂಡಿಸಿಕೊಂಡು ನಾನು ಬರುತ್ತೇನೆ. ಬರಬೇಡ ಅನ್ನಬೇಡಿ.

ನಿಮ್ಮ ಮಗಳು


ಜೂನ್ ೨೪

ಅಮ್ಮಾ,

ನಿಮ್ಮನ್ನು ಇನ್ನು ನೀನು ಅನ್ನುವ ಹಕ್ಕು ನನಗಿಲ್ಲ. ಇದನ್ನು ಓದಿದ ಮೇಲೆ ನಿಮಗೂ ಹಾಗೇ ಅನಿಸುತ್ತದೆ.

ನಾವು ಒಂದೇ ರಕ್ತದವರಲ್ಲ. ನಾನೂ ನಿಮ್ಮಪ್ಪನೂ ಅಲ್ಲ, ನಾನೂ ಜಗಳಗಂಟಿಯೂ ಅಲ್ಲ. ನದಿ ದಂಡೆಯ ಆ ಕಟ್ಟಡ ಅನಾಥಾಲಯ. ಮಕ್ಕಳಿಲ್ಲದ ಒಬ್ಬ ಸಾಬೂನು ವ್ಯಾಪಾರಿ ಕಟ್ಟಿಸಿದ್ದು. ಅವನದು ಒಂದೇ ಶರತ್ತು, ಅಲ್ಲಿ ಬೆಳೆಯುವ ಪ್ರತಿ ಮಗುವಿಗೂ ತನ್ನ ಮನೆತನದ ಹೆಸರು ಇಡಬೇಕು. ಹೆಸರು ಉಳಿಯಬೇಕಂತೆ. ಉಳಿಯಿತು ನೋಡಿ, ನಿಮ್ಮ ಮ್ಯಾಪಿನ ಮೇಲೆ.

ಹದಿನಾರು ತುಂಬಿದ ಹುಡುಗರಿಗೆ ಒಂದು ಜೊತೆ ಬಟ್ಟೆ, ಹೋಗುವುದಕ್ಕೆ ಮಾತ್ರ ಒಂದು ಟಿಕೇಟು ಕೊಡುತ್ತಿದ್ದರು. ಯಾವ ಸ್ಟೇಷನ್ನಿನಲ್ಲಿ ಯಾರಿಗೆ ಕೆಲಸಕ್ಕೆ ಹುಡುಗ ಬೇಕೋ ಅಲ್ಲಿಗೆ. ಹಳಿಯುದ್ದಕ್ಕೂ ನೀವು ಕಂಡ ಚುಕ್ಕಿಗಳು ಅವರೇ. ಅದರಲ್ಲೊಂದು ನಿಮ್ಮಪ್ಪ. ಮ್ಯಾಪು ಸರಿಯಾಗಿಯೇ ಇದೆ ಅಮ್ಮಾ, ಆದರೆ ಅದು ವಂಶದ್ದಲ್ಲ, ಟಿಕೇಟಿನದು. ಹೋಗದೆ ಇಲ್ಲೇ ಕೆಲಸ ಸಿಕ್ಕಿ ಉಳಿದವರು ನಾವು ಹನ್ನೊಂದು ಜನ.

ಶೂ ಕಟ್ಟಿ ನೇತುಹಾಕುವುದು ಅಲ್ಲಿಯ ಕಾನೂನು. ಕೆಳಗಿಟ್ಟರೆ ಬೆಳಗ್ಗೆ ಒಂದು ಕಾಲಿನದು ಸಿಗುತ್ತಿತ್ತು, ಇನ್ನೊಂದು ಮಾಯ. ಶೂ ಇಲ್ಲದವನಿಗೆ ದಿನವಿಡೀ ತಣ್ಣನೆ ನೆಲ. ಲೋಟ ಬೋರಲು ಹಾಕಿ ಚಮಚ ಇಟ್ಟರೆ ಕುಡಿದಾಯಿತು, ಇನ್ನು ಕೇಳುವುದಿಲ್ಲ ಎಂದು ಮೇಲ್ವಿಚಾರಕಿಗೆ ಗೊತ್ತಾಗಬೇಕು. ನಿಮಗೆ ಆ ಅಭ್ಯಾಸ ಬಂದದ್ದು ರಕ್ತದಿಂದಲ್ಲ, ನಿಮ್ಮಪ್ಪನನ್ನು ನೋಡಿ.

ನಿಮ್ಮ ಮೊದಲ ಕಾಗದಕ್ಕೆ ಇದನ್ನೇ ನಾಲ್ಕು ಸಾಲು ಬರೆದಿದ್ದೆ. ಮಡಿಚುವಾಗ ಹೊಳೆಯಿತು, ಇದನ್ನು ಕಳಿಸಿದರೆ ಮತ್ತೊಂದು ಕಾಗದ ಬರುವುದಿಲ್ಲ ಅಂತ. ಹರಿದುಹಾಕಿದೆ. ಬೇಕರಿಯವನ ಬಗ್ಗೆ, ಜಗಳಗಂಟಿಯ ಬಗ್ಗೆ ಬರೆದದ್ದು ಸುಳ್ಳಲ್ಲ. ಇದ್ದರು ಅನ್ನುವ ಕಡೆ ಇದ್ದಾರೆ ಎಂದು ಬರೆದೆ. ಬರೆಯುವಾಗ ಅಂಗಡಿಯಲ್ಲಿ ಅವರೆಲ್ಲ ಸೇರಿದ ಹಾಗಿರುತ್ತಿತ್ತು. ಕಂಡಕ್ಟರ್ ಹೋಗಿ ಎರಡು ವರ್ಷವಾಯಿತು, ಅವನ ನಂತರ ನನ್ನನ್ನು ಏಕವಚನದಲ್ಲಿ ಕರೆಯುವವನು ಆ ಅಂಚೆಯವನೊಬ್ಬನೇ.

ನಿಮ್ಮಪ್ಪನನ್ನು ನೆನಪಿಸಿಕೊಳ್ಳಲು ಬಹಳ ಪ್ರಯತ್ನಪಟ್ಟೆ. ಹಜಾರದ ಮಂಚಗಳನ್ನು ಒಂದೊಂದಾಗಿ ನೆನೆದು ನೋಡಿದೆ. ನನಗಿಂತ ನಾಲ್ಕು ವರ್ಷ ದೊಡ್ಡವನು, ಮಾತು ಕಮ್ಮಿ. ಅಲ್ಲಿ ಎಲ್ಲರೂ ಮಾತು ಕಮ್ಮಿಯವರೇ. ಹೌದು, ನನ್ನ ಪಕ್ಕದ ಮಂಚದವನು ಎಂದು ಬರೆದರೆ ನಿಮಗೆ ಸಂತೋಷವಾಗುತ್ತಿತ್ತು. ಆದರೆ ನೆನಪಿಲ್ಲ. ಸುಳ್ಳು ಸಾಕು.

ಹೊಲಿಗೆ ಯಂತ್ರದವ


ಜುಲೈ ೬

ಹೊಲಿಗೆ ಯಂತ್ರದವರಿಗೆ,

ನಿಮ್ಮ ಕಾಗದ ತಲುಪಿದೆ. ರಜೆ ರದ್ದು ಮಾಡಿಸಿದ್ದೇನೆ. ಮ್ಯಾಪನ್ನು ಗೋಡೆಯಿಂದ ತೆಗೆದೆ, ನಾಲ್ಕು ಮೂಲೆಯಲ್ಲೂ ಸುಣ್ಣ ಕಿತ್ತು ಬಂತು.

ನಾನು ಕೇಳಿದ ಸಣ್ಣಪುಟ್ಟದ್ದಕ್ಕೆಲ್ಲ ಉತ್ತರ ಕೊಟ್ಟಿದ್ದೀರಿ. ಗೇಟಿನ ವಿಷಯಕ್ಕೆ ಕೊಟ್ಟಿಲ್ಲ. ರಕ್ತದ್ದಲ್ಲ ಎಂದಮೇಲೆ ಅದು ಅಪ್ಪನದೇ ಆಯಿತು. ನಾನು ಮೊದಲು ಅಂದುಕೊಂಡದ್ದೇ ನಿಜವಾಯಿತು.

ಅಂಚೆ ಗುಮಾಸ್ತೆ


ಆಗಸ್ಟ್ ೩೦

ಅಮ್ಮಾ,

ಇದನ್ನು ಬರೆಯಲು ಇಷ್ಟು ದಿನ ಬೇಕಾಯಿತು. ನಡುವೆ ಹದಿನೈದು ಯಂತ್ರ ರಿಪೇರಿ ಮಾಡಿದೆ. ಎರಡಕ್ಕೆ ಸೂಜಿ ನಾನೇ ಹಿಂದುಮುಂದಾಗಿ ಹಾಕಿ ಕೊಟ್ಟೆ, ಗಿರಾಕಿಗಳು ಬಂದು ಬೈದುಹೋದರು.

ನೀವು ಅಂದುಕೊಂಡದ್ದು ನಿಜವಲ್ಲ. ಗೇಟಿನ ವಿಷಯ ಗೊತ್ತಿಲ್ಲ ಎಂದು ಬರೆದೆನಲ್ಲ, ನನ್ನ ಸುಳ್ಳುಗಳಲ್ಲೆಲ್ಲ ದೊಡ್ಡದು ಅದೇ.

ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ನಮಗೆಲ್ಲ ತಲೆ ಬಾಚಿ, ಇಸ್ತ್ರಿ ಅಂಗಿ ಹಾಕಿಸಿ, ಗೇಟಿನ ಹತ್ತಿರ ಸಾಲಾಗಿ ನಿಲ್ಲಿಸುತ್ತಿದ್ದರು. ಕೆಲವರಿಗೆ ಅತ್ತೆಯೋ ಮಾವನೋ ಯಾರೋ ಒಬ್ಬರು ನೋಡಲು ಬರುತ್ತಿದ್ದರು. ಮಕ್ಕಳಿಲ್ಲದವರು ಬಂದು ಯಾರನ್ನಾದರೂ ಆರಿಸಿಕೊಂಡು ಹೋಗುವುದೂ ಇತ್ತು. ನಾಲ್ಕು ಗಂಟೆ ರೈಲು ಬಂದು, ಅದರಲ್ಲಿ ಇಳಿದವರು ನಡೆದು ಬರುವಷ್ಟು ಹೊತ್ತು ನಾವು ನಿಂತಿರಬೇಕು. ಕೂರಬಾರದು, ಅಂಗಿ ಮುದುಡುತ್ತೆ. ಯಾರೂ ಬಾರದವರು ಸಂಜೆ ಗಂಟೆ ಹೊಡೆದ ಮೇಲೆ ಒಳಗೆ ಹೋಗಿ ಇಸ್ತ್ರಿ ಅಂಗಿ ಬಿಚ್ಚಿ ಮಡಿಚಿಡಬೇಕು, ಮುಂದಿನ ಭಾನುವಾರಕ್ಕೆ. ನನಗೆ ಹತ್ತು ವರ್ಷ ಯಾರೂ ಬರಲಿಲ್ಲ. ನಿಮ್ಮಪ್ಪನಿಗೂ ಬಂದಿರಲಾರರು, ಬಂದಿದ್ದರೆ ಹದಿನಾರಕ್ಕೆ ಟಿಕೇಟು ಸಿಗುತ್ತಿರಲಿಲ್ಲ.

ಅಲ್ಲಿಂದ ಹೊರಬಿದ್ದ ಮೇಲೆ ನಮ್ಮಲ್ಲಿ ಯಾರೂ ಯಾವ ಗೇಟಿನ ಹತ್ತಿರವೂ ನಿಂತವರಲ್ಲ. ಬೇಕರಿಯವನು ತನ್ನ ಮಗಳನ್ನು ಕರೆದುಕೊಂಡು ಬರಲು ಸ್ಕೂಲಿನ ತನಕ ಹೋಗಿ, ಗೇಟು ಕಂಡ ಕೂಡಲೇ ವಾಂತಿ ಮಾಡಿಕೊಂಡು ವಾಪಸು ಬಂದ. ನಮ್ಮ ಕಾಲಿಗೆ ಅದು ಬರುವುದಿಲ್ಲ. ಪ್ರೀತಿ ಇಲ್ಲದ್ದಕ್ಕಲ್ಲ. ನಿಮ್ಮಪ್ಪ ಆಸ್ಪತ್ರೆಗೆ ಬರಲಿಲ್ಲ ಅಂದಿರಿ. ಚಹಾ ಸಿದ್ಧವಾಗಿತ್ತು ಅಂದಿರಿ. ಬಾಗಿಲು ತೆಗೆದಾಗ ಅದು ಬಿಸಿಯಾಗಿತ್ತೇ? ಹಾಗಿದ್ದರೆ ನೀವು ಬರುತ್ತೀರೋ ಇಲ್ಲವೋ ಎಂದು ಎಷ್ಟು ಸಲ ಚೆಲ್ಲಿ ಎಷ್ಟು ಸಲ ಕಾಯಿಸಿದನೋ, ಯೋಚನೆ ಮಾಡಿ. ಗೋಡೆಯ ಕಡೆ ಮುಖ ಮಾಡಿ ನಿಂತಿದ್ದ ಅಂದಿರಿ. ಬಾಗಿಲಿನ ಕಡೆ ನೋಡುತ್ತಾ ನಿಲ್ಲುವುದು ಅವನಿಂದ ಆಗಲಿಲ್ಲ, ಅಷ್ಟೆ.

ಕೊನೆಯದಾಗಿ ಒಂದು. ನಾಲ್ಕು ಗಂಟೆ ರೈಲು ಈಗಲೂ ಇದೆ. ಸೆಪ್ಟೆಂಬರ್ ೨೦ ಭಾನುವಾರ. ಇಸ್ತ್ರಿ ಅಂಗಿ ಹಾಕಿಕೊಂಡು ನಾನು ಸ್ಟೇಷನ್ನಿನ ಗೇಟಿನ ಹತ್ತಿರ ನಿಂತಿರುತ್ತೇನೆ. ಇಷ್ಟು ವರ್ಷದಲ್ಲಿ ಮೊದಲ ಸಲ, ಹಾಗಾಗಿ ಕಾಲು ಎಷ್ಟು ಮಾತು ಕೇಳುತ್ತದೋ ಗೊತ್ತಿಲ್ಲ. ಬನ್ನಿ ಎಂದು ಕರೆಯುವ ಮುಖ ನನಗಿಲ್ಲ. ನೀವು ಬರದಿದ್ದರೂ ನಿಂತು, ಹೊತ್ತು ಮುಳುಗಿದ ಮೇಲೆ ಮನೆಗೆ ಹೋಗುತ್ತೇನೆ. ಅಭ್ಯಾಸ ಇದೆ.

ಬರುವುದಾದರೆ ವಾಪಸು ಬಂದ ಆ ಹತ್ತು ಕಾಗದಗಳನ್ನು ತನ್ನಿ. ಅವರಿಗೆ ಜೀವಮಾನದಲ್ಲಿ ಯಾರೂ ಕಾಗದ ಬರೆದಿರಲಿಲ್ಲ. ಅವರವರ ಪಾಲಿನದನ್ನು ಒಮ್ಮೆ ಜೋರಾಗಿ ಓದಿಬಿಡುತ್ತೇನೆ.

ಹೊಲಿಗೆ ಯಂತ್ರದವ


ಸೆಪ್ಟೆಂಬರ್ ೧೨

ಚಿಕ್ಕಪ್ಪನಿಗೆ,

ಚಹಾ ಬಿಸಿಯಾಗಿತ್ತು.

ನಿಮ್ಮ ಕಾಗದ ಓದಿದ ಮೇಲೆ ಅದೊಂದೇ ನೆನಪಾಗುತ್ತಿದೆ. ಮೇಜಿನ ಮೇಲೆ ಲೋಟದಿಂದ ಹಬೆ ಏಳುತ್ತಿತ್ತು, ನಾನು ಮುಟ್ಟಲಿಲ್ಲ. ಪಾತಾಳದಲ್ಲಿ ಕೂತು ಅತ್ತೆ. ಪಕ್ಕದವಳು ಗಾಬರಿಯಾಗಿ ನೀರು ತಂದುಕೊಟ್ಟಳು. ಕುಡಿದು ಲೋಟ ಬೋರಲು ಹಾಕಿದೆ. ಈ ಸಲ ಅವಳು ಕಾಡಲಿಲ್ಲ, ಯಾಕೆ ಹೀಗೆ ಎಂದು ಕೇಳಿದಳು. ಹೇಳಿದೆ. ಅಪ್ಪನ ಬಗ್ಗೆ ನಾನು ಒಬ್ಬರಿಗೆ ಏನಾದರೂ ಹೇಳಿದ್ದು ಅದೇ ಮೊದಲು, ಹೇಳಲು ನನ್ನ ಹತ್ತಿರ ಏನೂ ಇರಲಿಲ್ಲವಲ್ಲ.

ಮ್ಯಾಪನ್ನು ಮತ್ತೆ ಅಂಟಿಸಿದ್ದೇನೆ. ಯಾರದೋ ಸಾಬೂನಿನವನ ಹೆಸರು, ಇರಲಿ. ಅಪ್ಪ ಈ ಊರಿನ ಸ್ಟೇಷನ್ನಿನಲ್ಲಿ ಹೇಗೆ ಟಿಕೇಟು ಹಿಡಿದು ಬಂದು ಇಳಿದರು ಎಂದು ಈಗ ಗೊತ್ತು. ಹದಿನಾರರ ಹುಡುಗ, ಎದುರುಗೊಳ್ಳಲು ಯಾರೂ ಇಲ್ಲ.

ಹತ್ತು ಕಾಗದಗಳನ್ನೂ ಚೀಲದಲ್ಲಿ ಹಾಕಿದ್ದೇನೆ. ಚಿಕ್ಕಪ್ಪ ಅನ್ನುವುದನ್ನು ಬಿಡುವುದಿಲ್ಲ, ಬಾಯಿಗೆ ರೂಢಿಯಾಗಿದೆ. ನೀವೂ ನೀನು ಅಂತಲೇ ಬರೆಯಿರಿ. ಬಿಗಿಯಾಗಿದ್ದದ್ದು ಸಡಿಲವಾಗಲಿ.

ನಾಲ್ಕು ಗಂಟೆ ರೈಲಿಗೆ ನಾನು ಬರುವುದಿಲ್ಲ. ಅದಕ್ಕೂ ಮೊದಲು ಬೆಳಗ್ಗೆ ಒಂದು ರೈಲಿದೆ, ಅದರಲ್ಲಿ ಬರುತ್ತೇನೆ. ನೀವು ಅಂಗಿಗೆ ಇಸ್ತ್ರಿ ಮಾಡಿಕೊಂಡು, ಕಾಲನ್ನು ಒಪ್ಪಿಸಿಕೊಂಡು ನಿಧಾನವಾಗಿ ಬನ್ನಿ. ಅರ್ಧ ದಾರಿಯಲ್ಲಿ ಕಾಲು ನಿಂತರೆ ಎಲ್ಲಾದರೂ ಕೂತುಕೊಳ್ಳಿ, ಅಂಗಿ ಮುದುಡಿದರೆ ಮುದುಡಲಿ. ಈ ಕಾಗದ ಗುರುವಾರದ ಒಳಗೆ ನಿಮ್ಮ ಕೈ ಸೇರುತ್ತದೆ. ವಿಳಾಸ ಸರಿಯಾಗಿದೆ, ಮನುಷ್ಯರೂ ಇದ್ದಾರೆ.

ಭಾನುವಾರ ನೀವು ಯಾರಿಗೂ ಕಾಯಬೇಕಾಗಿಲ್ಲ. ನೀವು ಗೇಟಿನ ಹತ್ತಿರ ಬರುವ ಹೊತ್ತಿಗೆ ನಾನು ಅಲ್ಲಿ ನಿಂತಿರುತ್ತೇನೆ.

ನಿಮ್ಮ ಮಗಳು